ಹಸಿರು ಚುಕ್ಕೆ ಕಾಯುವ ಕೆಲಸ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಕಚೇರಿ ತೆರೆದಾಗ ಅದಕ್ಕೆ ಬೇಕಾಗಿದ್ದು ಇಲ್ಲಿನ ಇಂಜಿನಿಯರುಗಳು, ಮತ್ತು ಅವರು ಮಾಡಿದ ಕೆಲಸವನ್ನು ಅಮೆರಿಕಕ್ಕೆ ಮುಟ್ಟಿಸುವ ಒಂದು ಉಪಗ್ರಹ ಸಂಪರ್ಕ. ಅದರ ಆಂಟೆನಾ ಎತ್ತಿನ ಗಾಡಿಯ ಮೇಲೆ ಬಂತೆಂಬ ಕಥೆಯನ್ನು ನಗರದ ಐಟಿ ಮಂದಿ ಇಂದಿಗೂ ಹೇಳಿಕೊಂಡು ನಗುತ್ತಾರೆ. ಗಾಡಿಯ ಕಥೆ ಹೇಳುವ ಭರದಲ್ಲಿ ಮರೆಯುವುದೇನೆಂದರೆ, ಆಗ ಇಲ್ಲಿ ಬೇರುಬಿಟ್ಟದ್ದು ದೂರದಿಂದ ಕೆಲಸ ಮಾಡಿಕೊಡುವ ಕಸುಬು. ಕೆಲಸ ಕೊಟ್ಟವರು ಡಲ್ಲಾಸಿನಲ್ಲಿ, ಮಾಡುವವರು ಬೆಂಗಳೂರಿನಲ್ಲಿ. ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರಿಗೆ ಮಲಗುವ ಹೊತ್ತು. ಮುಂದೆ ಇನ್ಫೋಸಿಸ್, ವಿಪ್ರೋದಂಥ ಕಂಪನಿಗಳು ಬೆಳೆದದ್ದೂ, ಕಾಲ್ ಸೆಂಟರುಗಳು ಬಂದದ್ದೂ ಇದೇ ದಾರಿಯಲ್ಲಿ. ಹೀಗೆ ಮೂವತ್ತೈದು ವರ್ಷ ದೂರದಿಂದಲೇ ಅನ್ನ ಸಂಪಾದಿಸಿದ ನಗರ 2020ರ ಲಾಕ್‌ಡೌನ್‌ನಲ್ಲಿ ವರ್ಕ್ ಫ್ರಮ್ ಹೋಮ್ ಅನ್ನು ಹೊಸ ಆವಿಷ್ಕಾರವೆಂಬಂತೆ ಸ್ವಾಗತಿಸಿತು, ಮೂರ್ನಾಲ್ಕು ವರ್ಷದೊಳಗೆ ಅದೇ ಒಂದು ರೋಗವೆಂಬಂತೆ ಅದರಿಂದ ದೂರ ಸರಿಯಿತು. ಯಾವ ಹೊತ್ತಿನಲ್ಲೂ ತನ್ನ ನೌಕರರಲ್ಲಿ ಕಾಲುಭಾಗ ಮಾತ್ರ ಕಚೇರಿಯಲ್ಲಿದ್ದರೆ ಸಾಕು, 2025ರೊಳಗೆ ಆ ಸ್ಥಿತಿಗೆ ಬರುತ್ತೇವೆ ಎಂದು 2020ರಲ್ಲಿ ಹೇಳಿದ್ದ ಟಿಸಿಎಸ್, 2023ರ ಅಕ್ಟೋಬರಿನಿಂದ ವಾರದ ಐದೂ ದಿನ ಬನ್ನಿ ಎಂದಿತು. ಏಳು ಸಮುದ್ರದಾಚೆಯ ಕ್ಲೈಂಟಿಗೆ ಕೆಲಸ ಮಾಡಿಕೊಡಬಲ್ಲ ತಂಡವನ್ನು ಬನಶಂಕರಿಯ ಮನೆಯಲ್ಲಿದ್ದರೆ ನಂಬಲಾಗದು ಎನ್ನುವುದು ವಿಚಿತ್ರವಲ್ಲವೆ?

ಮೇಲ್ನೋಟಕ್ಕೆ ಇದು ನಂಬಿಕೆಯ ಪ್ರಶ್ನೆಯಂತೆ ಕಾಣುತ್ತದೆ. ಈ ಬಗೆಗಿನ ಚರ್ಚೆಯೆಲ್ಲ ಅಲ್ಲೇ ಗಿರಕಿ ಹೊಡೆಯುತ್ತದೆ: ನೌಕರರನ್ನು ನಂಬಿ ಎಂದು ಒಂದು ಪಕ್ಷ, ನಂಬಿ ಕೆಟ್ಟೆವು ಎಂದು ಇನ್ನೊಂದು. ನನಗೆ ಎರಡೂ ಅಷ್ಟಾಗಿ ಒಪ್ಪಿಗೆಯಿಲ್ಲ. ಅಮೆರಿಕದ ಕ್ಲೈಂಟ್ ಬೆಂಗಳೂರನ್ನು ನಂಬಿ ಕೆಲಸ ಕೊಡಲಿಲ್ಲ. ಅವನಿಗೆ ಇಲ್ಲಿನವರು ಕಾಣುತ್ತಿರಲಿಲ್ಲ, ಆದ್ದರಿಂದ ಎಲ್ಲವನ್ನೂ ಬರೆಸಿಕೊಂಡ. ಏನು ಬೇಕು, ಏನು ಬೇಡ, ಯಾವಾಗ ಮುಗಿಯಬೇಕು, ಮುಗಿಯಿತು ಎನ್ನುವುದಕ್ಕೆ ಗುರುತೇನು, ನಡುವೆ ಮನಸ್ಸು ಬದಲಾದರೆ ಯಾರ ಒಪ್ಪಿಗೆ ಬೇಕು, ಎಲ್ಲಕ್ಕೂ ಕಾಗದವಿತ್ತು. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಸಂಜೆ ಮನೆಗೆ ಹೊರಡುವ ಮುನ್ನ ಬರೆದಿಟ್ಟ ಹ್ಯಾಂಡೋವರ್ ಟಿಪ್ಪಣಿಯಲ್ಲಿ ಒಂದು ಸಾಲು ತಪ್ಪಿದರೆ ಆ ಕಡೆಯವರ ಒಂದಿಡೀ ದಿನ ಹಾಳು. ಹಾಗಾಗಿ ಬರೆಯುವುದು ಶಿಸ್ತಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ರೂಪಿಸಿದ ಸಿಎಂಎಂ ಎಂಬ ಸಾಫ್ಟ್‌ವೇರ್ ಮಾನದಂಡದ ಐದನೇ, ಅಂದರೆ ತುತ್ತತುದಿಯ ಹಂತಕ್ಕೆ ಜಗತ್ತಿನಲ್ಲೇ ಮೊದಮೊದಲು ಏರಿದ ಕೇಂದ್ರಗಳಲ್ಲಿ ಬೆಂಗಳೂರಿನ ಮೋಟೊರೋಲಾ ಘಟಕವೂ ಒಂದಾದದ್ದು ಈ ಶಿಸ್ತಿನಿಂದಲೇ. ಈ ಬರವಣಿಗೆಯೆಲ್ಲ ಕ್ಲೈಂಟಿನ ಕಡೆಗೆ ಮುಖ ಮಾಡಿ ನಿಂತದ್ದು. ಒಳಗೆ, ಟೀಮ್ ಲೀಡ್ ಮತ್ತು ಅವನ ಎಂಟು ಹತ್ತು ಮಂದಿಯ ನಡುವೆ, ವ್ಯವಹಾರವೆಲ್ಲ ಬಾಯಿಮಾತಿನದು. ಮೇಜಿನ ಹತ್ತಿರ ಹೋಗಿ, ‘ಅದೇನಾಯ್ತು ಸ್ವಲ್ಪ ನೋಡಿ’ ಅಂದರೆ ಮುಗಿಯಿತು. ಉಳಿದದ್ದನ್ನು ಕಾಫಿ ಮೆಷಿನ್ ಮುಂದೆ ಕೇಳಿ ತಿಳಿದುಕೊಳ್ಳುತ್ತಿದ್ದರು. ಮನೆಯಿಂದ ಕೆಲಸ ಶುರುವಾದಾಗ ಕ್ಲೈಂಟಿನ ಜೊತೆಗಿನ ವ್ಯವಹಾರ ಹೆಚ್ಚು ಕುಂದಿಲ್ಲದೆ ನಡೆಯಿತು. ತತ್ತರಿಸಿದ್ದು ಒಳಗಿನ ಈ ಬಾಯಿಮಾತಿನ ವ್ಯವಸ್ಥೆ. ದೂರದ ತಂಡವನ್ನು ನಡೆಸುವುದೆಂದರೆ, ಕಚೇರಿಯ ಕಟ್ಟಡ ತಾನಾಗಿಯೇ ಮಾಡಿಕೊಡುತ್ತಿದ್ದ ಕೆಲವು ಕೆಲಸಗಳನ್ನು ಲೀಡ್ ಆದವರು ಬೇಕೆಂದೇ ಮಾಡುವುದು. ಅವುಗಳಲ್ಲಿ ಮೊದಲನೆಯದು ಕೆಲಸವನ್ನು ಸ್ಪಷ್ಟವಾಗಿ ಬರೆದು ಹೇಳುವುದು. ಅಷ್ಟು ಮಾಡಲಾರದವರು ಕಾವಲಿಗೆ ನಿಲ್ಲುತ್ತಾರೆ ಎಂಬುದು ನನ್ನ ವಾದ.

ಬರೆದು ಹೇಳುವುದೆಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಂಬಳದ ಸಾಫ್ಟ್‌ವೇರ್ ನೋಡಿಕೊಳ್ಳುವ ಒಂದು ತಂಡ ಇದೆ ಅನ್ನಿ. ಸಂಜೆ ಆರೂಮುಕ್ಕಾಲಿಗೆ ಲೀಡ್‌ನಿಂದ ಚಾಟ್‌ನಲ್ಲಿ ಸಂದೇಶ ಬರುತ್ತದೆ: ‘ಪೇರೋಲ್‌ನಲ್ಲಿ ರಜೆ ಲೆಕ್ಕ ತಪ್ಪಾಗ್ತಿದೆಯಂತೆ, ಸ್ವಲ್ಪ ನೋಡಿ, ಅರ್ಜೆಂಟ್.’ ಕಚೇರಿಯಲ್ಲಾದರೆ ಇದು ನಡೆಯುತ್ತಿತ್ತು. ಕುರ್ಚಿ ತಿರುಗಿಸಿ ‘ಯಾರಿಗೆ ತಪ್ಪಾಗ್ತಿದೆ ಸರ್?’ ಎಂದು ಕೇಳಿದರೆ ಆಯಿತು. ಮನೆಯಲ್ಲಿರುವ ಹುಡುಗಿ ಆ ಪ್ರಶ್ನೆಯನ್ನು ಟೈಪ್ ಮಾಡುವಷ್ಟರಲ್ಲಿ ಲೀಡ್ ಬೇರೆ ಕಾಲ್‌ನಲ್ಲಿರುತ್ತಾನೆ. ಆಕೆ ಊಹಿಸಿಕೊಂಡು ಇಡೀ ರಜೆ ಲೆಕ್ಕವನ್ನು ಜಾಲಾಡಲು ಕೂರುತ್ತಾಳೆ. ಇದೇ ಕೆಲಸವನ್ನು ಟಿಕೆಟ್‌ನಲ್ಲಿ, ಅಂದರೆ ಕೆಲಸದ ದಾಖಲೆಯ ಪುಟದಲ್ಲಿ, ಹೀಗೂ ಬರೆಯಬಹುದಿತ್ತು: ‘ತಿಂಗಳ ನಡುವೆ ಸೇರಿದವರಿಗೆ ಮಾತ್ರ ಗಳಿಕೆ ರಜೆ ಒಂದು ದಿನ ಹೆಚ್ಚಿಗೆ ಬೀಳುತ್ತಿದೆ. ಹಳಬರದ್ದು ಸರಿಯಿದೆ, ಅದನ್ನು ಮುಟ್ಟಬೇಡಿ. 28ಕ್ಕೆ ಸಂಬಳದ ಪಟ್ಟಿ ಹೋಗಬೇಕು. ಅಷ್ಟರೊಳಗೆ ಮೂಲ ದೋಷ ಸಿಗದಿದ್ದರೆ ಆ ಕೆಲವರ ಲೆಕ್ಕವನ್ನು ಕೈಯಾರೆ ತಿದ್ದಿ ಕಳಿಸಿದರೂ ನಡೆಯುತ್ತದೆ. ರಜೆಯ ನಿಯಮದಲ್ಲಿ ಸಂಶಯ ಬಂದರೆ ಎಚ್‌ಆರ್‌ನವರನ್ನು ನೇರವಾಗಿ ಕೇಳಿ, ನನಗಾಗಿ ಕಾಯಬೇಡಿ. ನಾಳೆ ಸಂಜೆ ಎಲ್ಲಿಗೆ ಬಂತೆಂದು ಟಿಕೆಟ್‌ನಲ್ಲೇ ಎರಡು ಸಾಲು ಬರೆಯಿರಿ.’ ಇದನ್ನು ಬರೆಯಲು ಐದಾರು ನಿಮಿಷ ಬೇಕು. ಆದರೆ ಬರೆಯುವ ಮುನ್ನ ಲೀಡ್ ಮಾಡಿರಬೇಕಾದ ಕೆಲಸ ನೋಡಿ: ದೋಷ ಯಾರಿಗೆ ಬರುತ್ತಿದೆ ಎಂದು ವಿಚಾರಿಸಿರಬೇಕು, 28ರ ಗಡುವಿನಲ್ಲಿ ಎಷ್ಟು ಸಡಿಲವಿದೆ ಎಂದು ಯೋಚಿಸಿರಬೇಕು, ಯಾವ ತೀರ್ಮಾನ ತನ್ನದು, ಯಾವುದು ಆಕೆಯದು ಎಂದು ಮನಸ್ಸಿನಲ್ಲೇ ಹಂಚಿಕೊಂಡಿರಬೇಕು. ಈ ಯೋಚನೆಯೇ ಮುಖಂಡತ್ವದ ಬಹುಪಾಲು. ಹತ್ತಿರವಿದ್ದಾಗ ಅದನ್ನು ಅರ್ಧ ಮಾಡಿ, ಉಳಿದರ್ಧವನ್ನು ಕೈಕೆಳಗಿನವರ ಪ್ರಶ್ನೆಗಳಿಗೆ ಬಿಟ್ಟು ಪಾರಾಗಬಹುದಿತ್ತು.

ದೂರವಿದ್ದರೆ ಕೆಲಸ ನಿಧಾನವಾಗುತ್ತದೆ ಎಂಬುದು ಕೊರೊನಾ ಕಾಲದ ಶೋಧವಲ್ಲ. ಎಂಐಟಿಯ ಥಾಮಸ್ ಅಲೆನ್ 1970ರ ದಶಕದಲ್ಲೇ ಸಂಶೋಧನಾಲಯಗಳ ಇಂಜಿನಿಯರುಗಳು ಯಾರ ಜೊತೆ ಎಷ್ಟು ಮಾತಾಡುತ್ತಾರೆಂದು ಲೆಕ್ಕ ಹಾಕಿದ್ದರು. ಮೇಜುಗಳ ನಡುವಿನ ಅಂತರ ಹೆಚ್ಚಿದಂತೆ ಮಾತು ಸರ್ರನೆ ಇಳಿಯುತ್ತದೆ, 50 ಮೀಟರ್ ದಾಟಿದ ಮೇಲೆ ಇನ್ನೆಷ್ಟು ದೂರವಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ ಎಂಬುದು ಅವರಿಗೆ ಕಂಡ ಸಂಗತಿ. ಅಂದರೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಒಂದೇ ತಂಡದ ನಾಲ್ವರು ಮೂರನೇ ಮಹಡಿಯಲ್ಲೂ ಐವರು ಪಕ್ಕದ ಕಟ್ಟಡದಲ್ಲೂ ಇದ್ದರೆ ಅದೂ ದೂರದ ತಂಡವೇ. ಗೇಟಿನಲ್ಲಿ ಕಾರ್ಡ್ ತೋರಿಸಿ ಒಳಗೆ ಬಂದ ಮಾತ್ರಕ್ಕೆ ಹತ್ತಿರವಾಗುವುದಿಲ್ಲ. ಮುಂದೆ ಜೇಮ್ಸ್ ಹರ್ಬ್‌ಸ್ಲೆಬ್ ಮತ್ತು ಆಡ್ರಿಸ್ ಮೋಕಸ್ ಲೂಸೆಂಟ್ ಕಂಪನಿಯ ಸಾಫ್ಟ್‌ವೇರ್ ಕೆಲಸವನ್ನು ಪರಿಶೀಲಿಸಿದಾಗ, ಒಂದೇ ಜಾಗದಲ್ಲಿ ಮುಗಿಯುವ ಕೆಲಸಕ್ಕಿಂತ ಹಲವು ಊರುಗಳಿಗೆ ಹಂಚಿಹೋದ ಅಂಥದೇ ಕೆಲಸಕ್ಕೆ ಸುಮಾರು ಎರಡೂವರೆ ಪಟ್ಟು ಸಮಯ ಹಿಡಿಯುತ್ತಿತ್ತು. ಇದು ಸೋಮಾರಿತನದ ಫಲವಲ್ಲ. ಊರು ಹೆಚ್ಚಿದಷ್ಟೂ ಒಂದು ಕೆಲಸಕ್ಕೆ ಕೈಹಾಕಬೇಕಾದವರ ಸಂಖ್ಯೆ ಹೆಚ್ಚುತ್ತಿತ್ತು, ಅದರ ಜೊತೆಗೆ ಕಾಯುವುದೂ ಹೆಚ್ಚುತ್ತಿತ್ತು.

ಕ್ಯಾಥರಿನ್ ಕ್ರಾಮ್ಟನ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಳಗಿನ ಸಂಗತಿ ಹೇಳುತ್ತದೆ. ಬೇರೆ ಬೇರೆ ಖಂಡಗಳಲ್ಲಿದ್ದುಕೊಂಡು ಒಂದೇ ಯೋಜನೆಗೆ ದುಡಿದ 13 ವಿದ್ಯಾರ್ಥಿ ತಂಡಗಳ ಪತ್ರವ್ಯವಹಾರವನ್ನೆಲ್ಲ ಆಕೆ ಓದಿದರು. ಜಗಳಗಳ ಮೂಲ ಬಹುತೇಕ ಒಂದೇ: ಆ ಕಡೆಯವರ ಪರಿಸ್ಥಿತಿ ಈ ಕಡೆಯವರಿಗೆ ಗೊತ್ತಿಲ್ಲ. ಅಲ್ಲಿ ರಜೆಯಿತ್ತು, ಪರೀಕ್ಷೆಯಿತ್ತು, ಇಮೇಲ್ ಒಬ್ಬರಿಗೆ ತಲುಪಿರಲೇ ಇಲ್ಲ. ಇಲ್ಲಿಯವರಿಗೆ ಕಂಡದ್ದು ಮೌನವೊಂದೇ. ಆ ಮೌನಕ್ಕೆ ಒಬ್ಬರು ಒಪ್ಪಿಗೆಯ ಅರ್ಥ ಹಚ್ಚಿದರು, ಇನ್ನೊಬ್ಬರು ಉದಾಸೀನದ ಅರ್ಥ ಹಚ್ಚಿದರು. ಕಾರಣವನ್ನು ಸಂದರ್ಭದಲ್ಲಿ ಹುಡುಕುವ ಬದಲು ಮನುಷ್ಯನ ಸ್ವಭಾವದಲ್ಲಿ ಹುಡುಕಿದರು. ನಮ್ಮ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಕೂಡಿಕೊಳ್ಳುತ್ತದೆ. ‘ಆಯ್ತು ಸರ್’ ಎಂಬ ಉತ್ತರ ಬಂದರೆ ಅದು ಕೇಳಿಸಿತು ಎಂದಷ್ಟೆ. ಅರ್ಥವಾಯಿತು ಎಂದೋ, ಶುಕ್ರವಾರದೊಳಗೆ ಆಗುತ್ತದೆ ಎಂದೋ ಅಲ್ಲ. ಎದುರಿಗಿದ್ದರೆ ಮುಖ ನೋಡಿ ತಿಳಿಯಬಹುದಾದ ಅನುಮಾನ ಚಾಟ್‌ನಲ್ಲಿ ಹೆಬ್ಬೆರಳಿನ ಚಿತ್ರದ ಹಿಂದೆ ಅಡಗಿಬಿಡುತ್ತದೆ. ಅನುಭವಸ್ಥ ಲೀಡ್‌ಗಳು ಇದಕ್ಕೊಂದು ಸರಳ ರೂಢಿ ಮಾಡಿಕೊಂಡಿರುತ್ತಾರೆ. ‘ಅರ್ಥವಾಯಿತೆ?’ ಎಂದು ಕೇಳುವುದಿಲ್ಲ. ‘ಹೇಗೆ ಮಾಡುತ್ತೀರಿ, ಮೊದಲು ಯಾವುದಕ್ಕೆ ಕೈ ಹಾಕುತ್ತೀರಿ, ಬರೆದು ಕಳಿಸಿ’ ಎನ್ನುತ್ತಾರೆ. ಬಂದ ನಾಲ್ಕು ಸಾಲಿನಲ್ಲಿ ತಪ್ಪು ತಿಳಿವಳಿಕೆ ಇದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಇಷ್ಟು ಮಾಡದ ಮ್ಯಾನೇಜರನ ಕೈಯಲ್ಲಿ ಉಳಿಯುವುದು ಹಸಿರು ಚುಕ್ಕೆ. ಟೀಮ್ಸ್ ಎಂಬ ಚಾಟ್ ಆ್ಯಪ್‌ನಲ್ಲಿ ಹೆಸರಿನ ಪಕ್ಕದ ಚುಕ್ಕೆ ಹಸಿರಿದ್ದರೆ ಇದ್ದಾರೆ, ಹಳದಿಯಾದರೆ ಎದ್ದು ಹೋಗಿದ್ದಾರೆ. ಕೆಲಸ ಏನೆಂದು ತಾನೇ ಸ್ಪಷ್ಟ ಮಾಡಿಕೊಳ್ಳದವನಿಗೆ ಕೆಲಸ ಆಗಿದೆಯೋ ಇಲ್ಲವೋ ಅಳೆಯುವ ಬೇರೆ ದಾರಿಯಿಲ್ಲ, ಆದ್ದರಿಂದ ಕೂತಿದ್ದನ್ನೇ ಅಳೆಯುತ್ತಾನೆ. 2022ರಲ್ಲಿ ಮೈಕ್ರೋಸಾಫ್ಟ್ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ ಎಂದ ನೌಕರರು ಶೇ. 87, ನಮ್ಮ ತಂಡ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಪೂರ್ಣ ಭರವಸೆ ನಮಗಿದೆ ಎಂದ ಮುಖ್ಯಸ್ಥರು ಶೇ. 12. ಎರಡೂ ಕಡೆಯವರು ಸುಳ್ಳು ಹೇಳುತ್ತಿರಬೇಕಿಲ್ಲ. ಒಪ್ಪಿಕೊಂಡ ಅಳತೆಗೋಲು ಇಲ್ಲದ ಕಡೆ ಇಬ್ಬರೂ ತಂತಮ್ಮ ಮನಸ್ಸಿನ ಅಳತೆಯಲ್ಲೇ ಮಾತಾಡುತ್ತಾರೆ. ಇನ್ನು ಕಾವಲಿನಿಂದಾದರೂ ನಿಜ ತಿಳಿಯುತ್ತದೆಯೇ ಎಂದರೆ, ಅದೂ ಇಲ್ಲ. ಮೌಸ್ ತಾನಾಗಿ ಅಲುಗಾಡುವಂತೆ ಮಾಡುವ ಪುಟ್ಟ ಸಾಧನ ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್, ಕೀಬೋರ್ಡ್ ಒತ್ತುತ್ತಿರುವಂತೆ ನಟಿಸಿದರೆಂದು ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ತೆಗೆದುಹಾಕಿತು. ಆ ನೌಕರರು ಮಾಡಿದ್ದು ತಪ್ಪೇ. ಆದರೆ ಕೀಲಿಗಳ ಲೆಕ್ಕದಿಂದ ಮಾತ್ರ ಗೊತ್ತಾಗುವಂಥ ಗೈರುಹಾಜರಿ ಅದಾಗಿದ್ದರೆ, ಅವರಿಂದ ಬರಬೇಕಾದ ಕೆಲಸ ಬರುತ್ತಿಲ್ಲವೆಂಬುದು ಅವರ ಮೇಲಿನವರಿಗೆ ಅಲ್ಲಿಯವರೆಗೆ ತಿಳಿಯದೆ ಹೋದದ್ದು ಹೇಗೆ?

ಹಾಗಾದರೆ ಮೂನ್‌ಲೈಟಿಂಗ್, ಅಂದರೆ ಕದ್ದುಮುಚ್ಚಿ ಇನ್ನೊಂದು ಕಡೆಗೂ ದುಡಿಯುವುದು? ಇದು ಸಣ್ಣ ಆಕ್ಷೇಪವಲ್ಲ. 2022ರ ಸೆಪ್ಟೆಂಬರಿನಲ್ಲಿ ವಿಪ್ರೋದ ರಿಷದ್ ಪ್ರೇಮ್‌ಜಿ ತಮ್ಮ ಕಂಪನಿಯ 300 ಮಂದಿ ಅದೇ ಹೊತ್ತಿನಲ್ಲಿ ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದರೆಂದು ಅವರನ್ನು ಕೆಲಸದಿಂದ ತೆಗೆದದ್ದನ್ನು ಹೇಳಿದರು. ಪ್ರತಿಸ್ಪರ್ಧಿಗೆ ದುಡಿಯುವುದು ಕರಾರಿನ ಉಲ್ಲಂಘನೆ, ಅದಕ್ಕೆ ಶಿಕ್ಷೆಯಾದರೆ ತಕರಾರಿಲ್ಲ. ಆದರೆ ಲೀಡ್ ಇದರಿಂದ ಕಲಿಯಬೇಕಾದ ಪಾಠ ಬೇರೆ ಇದೆ. ಒಬ್ಬನಿಗೆ ಕೊಟ್ಟ ಎಂಟು ಗಂಟೆಯ ಕೆಲಸ ನಿಜವಾಗಿ ನಾಲ್ಕು ಗಂಟೆಯದಾಗಿದ್ದು, ಅದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿದ್ದರೆ, ಕಚೇರಿಯಲ್ಲಿದ್ದಾಗಲೂ ಅದು ನಾಲ್ಕೇ ಗಂಟೆಯದಾಗಿತ್ತು. ಮಿಕ್ಕ ನಾಲ್ಕು ಗಂಟೆ ಅಲ್ಲಿ ಬೇರೆ ರೀತಿ ಕಳೆಯುತ್ತಿತ್ತು, ಅಷ್ಟೆ. ಗಂಟೆ ಲೆಕ್ಕದಲ್ಲಿ ಕ್ಲೈಂಟಿಗೆ ಬಿಲ್ ಹಾಕುವ ಪದ್ಧತಿ ಇರುವವರೆಗೆ ಕಂಪನಿಗಳಿಗೂ ಇದನ್ನು ಕೆದಕಲು ಅಷ್ಟು ಉತ್ಸಾಹವಿರುವುದಿಲ್ಲ ಎಂಬುದು ಇನ್ನೊಂದು ಕಥೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಂಕಿ ಅಂಶಗಳಿಂದ ಬರುತ್ತದೆ. ಮನೆಯಿಂದ ಕೆಲಸವನ್ನು ಹೊಗಳುವವರು ಚೀನಾದ ಸಿಟ್ರಿಪ್ ಎಂಬ ಪ್ರವಾಸಿ ಕಂಪನಿಯ ಪ್ರಯೋಗವನ್ನು ಮುಂದಿಡುತ್ತಾರೆ. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಅದರ ಶಾಂಘೈ ಕಾಲ್ ಸೆಂಟರಿನಲ್ಲಿ ಇಷ್ಟಪಟ್ಟು ಮುಂದೆ ಬಂದವರನ್ನು ಹುಟ್ಟಿದ ತಾರೀಕು ಸಮವೋ ಬೆಸವೋ ನೋಡಿ ಎರಡು ಗುಂಪು ಮಾಡಿದರು. ಒಂಬತ್ತು ತಿಂಗಳಲ್ಲಿ ಮನೆಯವರ ಕೆಲಸ ಶೇ. 13ರಷ್ಟು ಹೆಚ್ಚಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕಿಳಿಯಿತು. ಆದರೆ ನಮ್ಮ ಪಕ್ಕದ ಚೆನ್ನೈನ ಪ್ರಯೋಗ ಇದಕ್ಕೆ ತದ್ವಿರುದ್ಧ. ಡೇವಿಡ್ ಆಟ್ಕಿನ್, ಆಂಟೊನೆಟ್ ಶೋಯರ್ ಮತ್ತು ಸುಮಿತ್ ಶಿಂಧೆ ಅಲ್ಲಿ ಡೇಟಾ ಎಂಟ್ರಿ ಮಾಡುವವರನ್ನು ಚೀಟಿ ಎತ್ತಿದಂತೆ ಮನೆಗೆ, ಕಚೇರಿಗೆ ಹಂಚಿದರು. ಮನೆಯಲ್ಲಿದ್ದವರ ಕೆಲಸ ಶೇ. 18ರಷ್ಟು ಕಡಿಮೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ಮೊದಲ ದಿನವೇ ಕಂಡ ವ್ಯತ್ಯಾಸ. ಡೇಟಾ ಎಂಟ್ರಿಯಲ್ಲಿ ಕೆಲಸ ಏನೆಂಬುದು ಮೊದಲೇ ಪೂರ್ತಿ ಸ್ಪಷ್ಟವಿರುತ್ತದೆ. ಬರೆದು ಸ್ಪಷ್ಟಪಡಿಸಿದರೆ ಸಾಕು ಎನ್ನುವ ನನ್ನ ವಾದಕ್ಕೆ ಇದು ನೇರ ಪೆಟ್ಟು ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವಂತಿಲ್ಲ.

ಪೆಟ್ಟು ನಿಜ, ಆದರೆ ಅದೇ ಅಧ್ಯಯನದ ಒಳಗೆ ಇನ್ನೊಂದು ಅಂಶವಿದೆ. ಮನೆಯೇ ಬೇಕೆಂದು ಆರಿಸಿಕೊಂಡವರ ಕೆಲಸ ಮನೆಯಲ್ಲಿ ಶೇ. 27ರಷ್ಟು ಕುಸಿದರೆ, ಕಚೇರಿ ಬಯಸಿದವರದ್ದು ಶೇ. 13ರಷ್ಟು ಮಾತ್ರ. ಮನೆ ಬಯಸಿದವರೇ ಮನೆಯಲ್ಲಿ ಹೆಚ್ಚು ಸೋತದ್ದೇಕೆ? ಅವರಲ್ಲಿ ಮಕ್ಕಳಿದ್ದವರು, ಮನೆಮಂದಿಯನ್ನು ನೋಡಿಕೊಳ್ಳುವ ಹೊಣೆಯಿದ್ದವರು, ಬಡವರು ಹೆಚ್ಚು. ಆರಿಸಿಕೊಳ್ಳುವ ಅನುಕೂಲ ಇದ್ದು ಅವರು ಮನೆಯನ್ನು ಆರಿಸಿಕೊಂಡಿರಲಿಲ್ಲ, ಬೇರೆ ದಾರಿಯಿಲ್ಲದೆ ಆರಿಸಿಕೊಂಡಿದ್ದರು. ಒಂದು ಕೋಣೆ, ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಅತ್ತೆಗೆ ಔಷಧಿ ಕೊಡುತ್ತಾ, ಮಗುವಿಗೆ ಊಟ ಮಾಡಿಸುತ್ತಾ ಲ್ಯಾಪ್‌ಟಾಪ್ ಮುಂದೆ ಕೂತವಳಿಗೆ ಎಷ್ಟೇ ಚೆನ್ನಾಗಿ ಬರೆದ ಟಿಕೆಟ್ ಕಳಿಸಿದರೂ ಅವಳ ಗಂಟೆಗಳು ಹೆಚ್ಚಾಗುವುದಿಲ್ಲ. ಹಾಗಾಗಿ ನನ್ನ ವಾದಕ್ಕೊಂದು ಗಡಿ ಹಾಕಿಕೊಳ್ಳಬೇಕು: ಸ್ಪಷ್ಟತೆ ಬೇಕೇ ಬೇಕು, ಆದರೆ ಕೂರಲು ಜಾಗ ಮತ್ತು ಅಡ್ಡಿಯಿಲ್ಲದ ಹೊತ್ತು ಇಲ್ಲದ ಕಡೆ ಅದೊಂದೇ ಸಾಲದು. ಮನೆಯಲ್ಲಿ ಜಾಗವಿಲ್ಲದವರಿಗೆ ಹತ್ತಿರದಲ್ಲಿ ಕೂರಲು ಒಂದು ಮೇಜು ಕೊಡುವುದು, ಗಂಟೆಗಳನ್ನು ಬೆಳಿಗ್ಗೆ, ರಾತ್ರಿ ಎಂದು ಒಡೆದುಕೊಳ್ಳಲು ಬಿಡುವುದು, ಇವೂ ದೂರದ ತಂಡ ನಡೆಸುವವರ ಜವಾಬ್ದಾರಿಯೊಳಗೇ ಬರುತ್ತವೆ. ಹೀಗೆ ಮಾಡಿದ ಮೇಲೂ ಈಕೆ ಕಚೇರಿಯವಳಿಗಿಂತ ಸ್ವಲ್ಪ ನಿಧಾನವೇ ಇರಬಹುದು. ಆದರೆ ಅವಳ ಎದುರಿದ್ದ ಇನ್ನೊಂದು ಆಯ್ಕೆ ಕಚೇರಿಯಲ್ಲಿ ಚುರುಕಾಗಿ ದುಡಿಯುವುದಾಗಿರಲಿಲ್ಲ, ದುಡಿಯದೇ ಇರುವುದಾಗಿತ್ತು.

ಐಟಿ ಕೆಲಸದ ಬಗ್ಗೆ ಇನ್ನೂ ನೇರವಾದ ಸಾಕ್ಷ್ಯವಿದೆ. ಮೈಕಲ್ ಗಿಬ್ಸ್, ಫ್ರೀಡರಿಕೆ ಮೆಂಗಲ್ ಮತ್ತು ಕ್ರಿಸ್ಟೋಫ್ ಸೀಮ್‌ರಾತ್ ಏಷ್ಯಾದ ಒಂದು ದೊಡ್ಡ ಐಟಿ ಸೇವಾ ಕಂಪನಿಯ 10,000ಕ್ಕೂ ಹೆಚ್ಚು ನೌಕರರ ದತ್ತಾಂಶವನ್ನು ನೋಡಿದರು. ಲಾಕ್‌ಡೌನ್‌ನಲ್ಲಿ ಮನೆಗೆ ಹೋದ ಮೇಲೆ ಇವರು ಕೆಲಸ ಮಾಡಿದ ಗಂಟೆಗಳು ಹೆಚ್ಚಿದವು, ಹೊರಬಂದ ಕೆಲಸ ಹೆಚ್ಚಲಿಲ್ಲ. ಹೀಗಾಗಿ ಗಂಟೆಯ ಲೆಕ್ಕದಲ್ಲಿ ಉತ್ಪಾದಕತೆ ಶೇ. 8ರಿಂದ 19ರಷ್ಟು ಇಳಿಯಿತು. ಕಚೇರಿಗೆ ವಾಪಸು ಕರೆಯಿರಿ ಎನ್ನುವವರು ಈ ಸಂಖ್ಯೆಯಲ್ಲೇ ನಿಂತುಬಿಡುತ್ತಾರೆ. ಗಂಟೆಗಳು ಎಲ್ಲಿ ಹೋದವು ಎಂಬುದನ್ನೂ ಅದೇ ಲೇಖನ ಹೇಳುತ್ತದೆ: ಮೀಟಿಂಗುಗಳಿಗೆ, ಸಮನ್ವಯಕ್ಕೆ. ತಡೆಯಿಲ್ಲದೆ ಕೂತು ಕೆಲಸ ಮಾಡುವ ಹೊತ್ತು ಕಡಿಮೆಯಾಯಿತು, ಮೇಲಿನವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವುದೂ ಕಡಿಮೆಯಾಯಿತು. ಬಾಯಿಮಾತಿನ ವ್ಯವಸ್ಥೆ ಕಟ್ಟಡ ಕಳೆದುಕೊಂಡಾಗ ಏನಾಗುತ್ತದೆ ಎಂಬುದರ ಲೆಕ್ಕಪತ್ರ ಇದು. ಮೊದಲು ಕಾರಿಡಾರಿನಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತಿದ್ದ ಮಾತಿಗೆ ಅರ್ಧ ಗಂಟೆಯ ಕಾಲ್ ಇಟ್ಟರು, ಅದಕ್ಕೆ ಬೇಕಾದವರು ಮೂವರಾದರೆ ಕರೆದದ್ದು ಹನ್ನೊಂದು ಮಂದಿಯನ್ನು. ಬರೆದಿಟ್ಟರೆ ಹೋಗುವ ಸಂಗತಿಗೆಲ್ಲ ಮೀಟಿಂಗ್ ಕರೆದು, ಮೀಟಿಂಗಿನಲ್ಲೇ ಆಗಬೇಕಿದ್ದ ಒಬ್ಬರ ಜೊತೆ ಒಬ್ಬರ ಮಾತನ್ನು ಕೈಬಿಟ್ಟರು. ಸರಿಯಾಗಿ ತಿರುಗುಮುರುಗು!

ಹೊಸಬರ ವಿಷಯದಲ್ಲಿ ಮಾತ್ರ ಕಚೇರಿಯ ಪರವಾದ ವಾದವನ್ನು ನಾನು ಬಹುತೇಕ ಒಪ್ಪುತ್ತೇನೆ. ಚೆನ್ನೈ ಪ್ರಯೋಗದ ಶೇ. 18ರಲ್ಲಿ ಮೂರನೇ ಒಂದು ಪಾಲು, ಕಚೇರಿಯವರು ದಿನ ಕಳೆದಂತೆ ಬೇಗ ಕಲಿತದ್ದರಿಂದ ಹುಟ್ಟಿದ್ದು. ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್ ಮತ್ತು ಅಮಾಂಡಾ ಪಲ್ಲಾಯಿಸ್ ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಗಮನಿಸಿದಾಗ, ತಂಡದವರ ಹತ್ತಿರ ಕೂತವರ ಕೋಡ್‌ಗೆ ಹೆಚ್ಚು ಟೀಕೆ, ಸಲಹೆ ಸಿಗುತ್ತಿತ್ತು. ಅದರ ಲಾಭ ಹೆಚ್ಚಾಗಿ ಕಿರಿಯರಿಗೆ ಮತ್ತು ಹೆಂಗಸರಿಗೆ ಆಗುತ್ತಿತ್ತು. ಅದಕ್ಕೆ ಬೆಲೆ ತೆತ್ತವರು ಹಿರಿಯರು. ಹೇಳಿಕೊಡುವುದರಲ್ಲಿ ಅವರದೇ ಕೆಲಸ ಹಿಂದೆ ಬೀಳುತ್ತಿತ್ತು. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿನಿಂದ ನೇರವಾಗಿ ಕೆಲಸಕ್ಕೆ ಸೇರಿದ ಫ್ರೆಶರ್‌ಗೆ ಯಾವ ಪ್ರಶ್ನೆ ಕೇಳಬೇಕೆಂಬುದೇ ಗೊತ್ತಿರುವುದಿಲ್ಲ. ಪಕ್ಕದವನು ದೋಷ ಹುಡುಕುವ ಬಗೆಯನ್ನು ಕಣ್ಣಿಂದ ನೋಡಿ ಕಲಿಯುವುದನ್ನು ದಾಖಲೆಯಲ್ಲಿ ಬರೆದಿಡಲಾಗದು. ಆದರೆ ಇದರಿಂದ ಹೊರಡುವ ತೀರ್ಮಾನ ಎಲ್ಲರೂ ಐದೂ ದಿನ ಬರಬೇಕು ಎಂಬುದಲ್ಲ. ಹೊಸಬರು ಮತ್ತು ಅವರಿಗೆ ಕಲಿಸಬೇಕಾದ ಹಿರಿಯರು ಒಂದೇ ದಿನ, ಒಂದೇ ಜಾಗದಲ್ಲಿ ಇರಬೇಕು, ಕಲಿಸಿದ್ದಕ್ಕೆ ಹಿರಿಯರ ಅಪ್ರೈಸಲ್‌ನಲ್ಲಿ ಲೆಕ್ಕ ಸಿಗಬೇಕು. ಎರಡನೆಯದಿಲ್ಲದೆ ಮೊದಲನೆಯದು ನಡೆಯುವುದಿಲ್ಲ. ತನ್ನ ಕೆಲಸ ಹಿಂದೆ ಬಿದ್ದರೆ ರೇಟಿಂಗ್ ಕಡಿಮೆಯಾಗುತ್ತದೆಂದು ತಿಳಿದ ಸೀನಿಯರ್ ಪಕ್ಕದಲ್ಲೇ ಕೂತರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಾನೆ.

ಬರಹದ ಮೇಲೆ ಇಷ್ಟು ಭಾರ ಹಾಕಿದರೆ ಇಂಗ್ಲಿಷ್ ಬಾರದವರ ಗತಿಯೇನು ಎಂಬ ಪ್ರಶ್ನೆ ಕನ್ನಡಿಗರಿಗೆ ಸಹಜ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ನಮ್ಮ ಐಟಿ ಕಚೇರಿಗಳಲ್ಲಿ ಕಡಿಮೆಯೇನಿಲ್ಲ. ನನಗೆ ಕಾಣುವಂತೆ ಇವರಿಗೆ ಹೆಚ್ಚು ಅನ್ಯಾಯವಾಗುವುದು ಬರಹದಲ್ಲಲ್ಲ, ಕಾಲ್‌ನಲ್ಲಿ. ಹನ್ನೊಂದು ಮಂದಿಯ ವಿಡಿಯೋ ಕಾಲ್‌ನಲ್ಲಿ ನಿರರ್ಗಳ ಇಂಗ್ಲಿಷಿನವರು ಮೂವರು ಮಾತಾಡುತ್ತಾರೆ. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಮ್ಯೂಟ್ ತೆಗೆಯುವಷ್ಟರಲ್ಲಿ ವಿಷಯ ಮುಂದಕ್ಕೆ ಹೋಗಿರುತ್ತದೆ. ಬರೆಯುವಾಗ ಹೊತ್ತು ಸಿಗುತ್ತದೆ, ತಿದ್ದಿಕೊಳ್ಳಬಹುದು. ಆದರೆ ಇದಕ್ಕೆ ಲೀಡ್‌ನಿಂದ ಒಂದು ಉಪಕಾರ ಬೇಕು: ವ್ಯಾಕರಣ ನೋಡಬಾರದು. ‘28ಕ್ಕೆ ಆಗಲ್ಲ, 30ಕ್ಕೆ ಆಗುತ್ತೆ, ಕಾರಣ ಟೆಸ್ಟ್ ಸರ್ವರ್ ಡೌನ್’ ಎಂಬ ಸಾಲನ್ನು ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಬರೆದರೂ ಅದರಲ್ಲಿ ಬೇಕಾದ್ದೆಲ್ಲ ಇದೆ. ತಂಡದ ಒಳಗಿನ ಚರ್ಚೆ ಆ ತಂಡದವರು ಆಡುವ ಭಾಷೆಯಲ್ಲಿ, ಕ್ಲೈಂಟಿಗೆ ಹೋಗುವುದು ಇಂಗ್ಲಿಷಿನಲ್ಲಿ ಎಂದಿಟ್ಟುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ತಂಡದಲ್ಲಿ ಬೇರೆ ಭಾಷೆಯವರೂ ಇದ್ದರೆ ಅವರನ್ನು ಹೊರಗಿಟ್ಟು ಕನ್ನಡದಲ್ಲಿ ಮಾತಾಡುವುದು ಎಷ್ಟು ತಪ್ಪೋ, ಇಂಗ್ಲಿಷ್ ಸರಾಗವಿಲ್ಲದವನನ್ನು ಬುದ್ಧಿಯೂ ಸರಾಗವಿಲ್ಲದವನೆಂದು ತಿಳಿಯುವುದೂ ಅಷ್ಟೇ ತಪ್ಪು.

ಬರಹಕ್ಕೆ ಒಂದು ಕೆಡುಕೂ ಇದೆ: ಅದಕ್ಕೆ ಹಗಲು ರಾತ್ರಿಯಿಲ್ಲ. ರಾತ್ರಿ ಹನ್ನೊಂದಕ್ಕೆ ಲೀಡ್ ಕಳಿಸಿದ ಸಂದೇಶಕ್ಕೆ ‘ಬೆಳಿಗ್ಗೆ ನೋಡಿದರೆ ಸಾಕು’ ಎಂದು ಸೇರಿಸಿದ್ದರೂ ನೋಡಿದವರಿಗೆ ನಿದ್ದೆ ಹಾರಿರುತ್ತದೆ. ಕೆಲಸದ ಹೊತ್ತು ಮುಗಿದ ಮೇಲೆ ನೌಕರರನ್ನು ಸಂಪರ್ಕಿಸುವುದಕ್ಕೆ ಪೋರ್ಚುಗಲ್ 2021ರಲ್ಲಿ ಕಾನೂನಿನ ತಡೆ ಹಾಕಿತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಹಕ್ಕಿಗಾಗಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಕರ್ನಾಟಕದಲ್ಲಿ ಗಾಳಿ ಬೀಸಿದ್ದು ಎದುರು ದಿಕ್ಕಿಗೆ: ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸಬಹುದಾದ ಪ್ರಸ್ತಾಪ 2024ರಲ್ಲಿ ಬಂತು, ನೌಕರರ ಸಂಘ ಕೆಐಟಿಯು ಅದನ್ನು ವಿರೋಧಿಸಿತು. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಸಂದೇಶವನ್ನು ಬರೆದಿಟ್ಟು ಬೆಳಿಗ್ಗೆ ಒಂಬತ್ತೂವರೆಗೆ ತಾನಾಗಿ ಹೋಗುವಂತೆ ಮಾಡುವ ಅನುಕೂಲ ಹಲವು ಆ್ಯಪ್‌ಗಳಲ್ಲಿ ಇದೆ, ಬಳಸುವವರು ಕಡಿಮೆ. ನಿಜಕ್ಕೂ ತುರ್ತಾದರೆ ಫೋನ್ ಮಾಡಲಿ. ಫೋನ್ ಮಾಡಲು ಸಂಕೋಚವಾಗುತ್ತದೆ ಎಂದರೆ ವಿಷಯ ಅಷ್ಟು ತುರ್ತಿನದ್ದಲ್ಲ.

ಈಗ ಬಹುಪಾಲು ಕಂಪನಿಗಳು ಬಂದು ನಿಂತಿರುವುದು ಹೈಬ್ರಿಡ್ ಎಂಬ ನಡುದಾರಿಯಲ್ಲಿ. ಅದೇ ಸಿಟ್ರಿಪ್, ಈಗ ಟ್ರಿಪ್ ಡಾಟ್ ಕಾಮ್ ಹೆಸರಿನಲ್ಲಿ, 1,612 ನೌಕರರ ಮೇಲೆ ಮತ್ತೊಂದು ಪ್ರಯೋಗಕ್ಕೆ ಒಪ್ಪಿತು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದವರ ಕೆಲಸದ ಗುಣಮಟ್ಟದಲ್ಲೂ ಬಡ್ತಿಯಲ್ಲೂ ವ್ಯತ್ಯಾಸ ಕಾಣಲಿಲ್ಲ, ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. 2024ರಲ್ಲಿ ಪ್ರಕಟವಾದ ಈ ಫಲಿತಾಂಶ ಸಮಾಧಾನ ತರುವಂಥದ್ದು. ಆದರೆ ಹಿಂದಿನ ಪ್ರಯೋಗದ ಒಂದು ಅಂಶವನ್ನು ಲೀಡ್‌ಗಳು ಮರೆಯಬಾರದು: ಪೂರ್ತಿ ಮನೆಯಲ್ಲಿದ್ದವರಿಗೆ, ಕೆಲಸ ಅಷ್ಟೇ ಚೆನ್ನಾಗಿದ್ದರೂ, ಬಡ್ತಿ ಸಿಗುವ ಸಂಭವ ಕಡಿಮೆಯಾಗಿತ್ತು. ಕಣ್ಣಿಗೆ ಬೀಳದವರು ನೆನಪಿಗೂ ಬರುವುದಿಲ್ಲ. ಅಪ್ರೈಸಲ್ ಹೊತ್ತಿನಲ್ಲಿ ನೆನಪನ್ನು ಬಿಟ್ಟು ಟಿಕೆಟ್‌ಗಳನ್ನು ತೆರೆದು ಓದುವ ಮ್ಯಾನೇಜರ್ ಎಷ್ಟು ಮಂದಿ?

ಕಚೇರಿಗೆ ಬರುವ ದಿನಗಳ ಬಳಕೆಯೂ ಹೀಗೇ ಅಡ್ಡಾದಿಡ್ಡಿ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು 29 ನಿಮಿಷ 10 ಸೆಕೆಂಡ್ ಬೇಕಿತ್ತು, ಜಗತ್ತಿನಲ್ಲೇ ಎರಡನೆಯ ನಿಧಾನ. ಸಿಲ್ಕ್ ಬೋರ್ಡ್ ದಾಟಿ, ಹೊರವರ್ತುಲ ರಸ್ತೆಯಲ್ಲಿ ತೆವಳಿ ಬಂದ ಮನುಷ್ಯ ಕಚೇರಿಯಲ್ಲಿ ಕೂತು, ಪುಣೆಯಲ್ಲಿರುವವರ ಜೊತೆ ಸಂಜೆಯವರೆಗೆ ವಿಡಿಯೋ ಕಾಲ್‌ನಲ್ಲಿದ್ದು ವಾಪಸು ಹೋಗುತ್ತಾನೆ. ಹಾಜರಿ ಬಿತ್ತು, ಬಂದದ್ದಕ್ಕೆ ಅರ್ಥ ಬರಲಿಲ್ಲ. ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ 2022ರಲ್ಲಿ ತೋರಿಸಿದಂತೆ ಹೊಸ ಯೋಚನೆಗಳನ್ನು ಹುಟ್ಟಿಸುವಾಗ ವಿಡಿಯೋ ಕಾಲ್‌ಗಿಂತ ಎದುರುಬದುರು ಕೂರುವುದು ಮೇಲು, ಹುಟ್ಟಿದವುಗಳಲ್ಲಿ ಒಳ್ಳೆಯದನ್ನು ಆರಿಸಲು ವಿಡಿಯೋ ಏನೂ ಕಮ್ಮಿಯಲ್ಲ. ಹಾಗಾದರೆ ಲೀಡ್ ಆದವರು ಕಚೇರಿಯ ದಿನಕ್ಕೆ ಉಳಿಸಿಕೊಳ್ಳಬೇಕಾದದ್ದು ಹೊಸ ಯೋಜನೆಯ ಮೊದಲ ಚರ್ಚೆ, ಫ್ರೆಶರ್‌ಗಳ ಪಾಠ, ಎರಡು ವಾರದಿಂದ ಚಾಟ್‌ನಲ್ಲಿ ಗಂಟು ಬಿದ್ದ ಮನಸ್ತಾಪ. ವಾರದ ಸ್ಥಿತಿಗತಿಯ ವರದಿ ಆ ಪಟ್ಟಿಯಲ್ಲಿಲ್ಲ. ಬುಧವಾರ ಬನ್ನಿ ಎನ್ನುವ ಮೊದಲು, ಅವತ್ತು ಈ ತಂಡ ಮನೆಯಲ್ಲಿ ಕೂತು ಮಾಡಲಾಗದ್ದೇನನ್ನು ಇಲ್ಲಿ ಮಾಡಲಿದೆ ಎಂಬುದನ್ನು ಲೀಡ್ ಸೋಮವಾರವೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸಲಿ. ಬರೆಯಲು ಏನೂ ತೋಚದ ವಾರ ಯಾರನ್ನೂ ಕರೆಸದಿರಲಿ.